ಜಾಡ್‌ನನ್ನು ಬಿಡಿಸಿದ್ದು ಯಾರು?

‘ಸೂಪರ್‌ಮ್ಯಾನ್’ ಎರಡನೇ ಭಾಗ ನನ್ನ ಪಾಲಿಗೆ ಎರಡು ಸಿನಿಮಾ. ನಟರು ಅವರೇ, ಎಷ್ಟೋ ಶಾಟ್‌ಗಳೂ ಅವೇ. ಎಡಿಟಿಂಗ್ ಕಲಿಯಲು ಬರುವವರಿಗೆ ಎರಡನ್ನೂ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಸೆರೆಯಲ್ಲಿದ್ದ ಖಳನಾಯಕ ಜನರಲ್ ಜಾಡ್‌ನನ್ನು ಬಿಡಿಸಿದ್ದು ಯಾರು?

ನಿರ್ದೇಶಕ ರಿಚರ್ಡ್ ಡಾನರ್ 1977ರಲ್ಲಿ ಎರಡೂ ಭಾಗಗಳ ಶೂಟಿಂಗನ್ನು ಒಟ್ಟಿಗೇ ಶುರು ಮಾಡಿದ್ದರು. ಎರಡನೆಯದರ ಬಹುಪಾಲು ಮುಗಿದಿತ್ತು. ನಿರ್ಮಾಪಕರೊಂದಿಗೆ ಹೊಂದಿಕೆಯಾಗದೆ 1979ರಲ್ಲಿ ಅವರು ಹೊರಬಿದ್ದರು, ರಿಚರ್ಡ್ ಲೆಸ್ಟರ್ ಬಂದರು. ಲೆಸ್ಟರ್ ಕಥೆಯಲ್ಲಿ ಐಫೆಲ್ ಗೋಪುರಕ್ಕೆ ಉಗ್ರರು ತಂದ ಹೈಡ್ರೋಜನ್ ಬಾಂಬನ್ನು ಸೂಪರ್‌ಮ್ಯಾನ್ ಆಕಾಶಕ್ಕೆ ಒಯ್ಯುತ್ತಾನೆ. ಅದು ಅಲ್ಲಿ ಸಿಡಿದು ಜಾಡ್‌ನ ಸೆರೆ ಒಡೆಯುತ್ತದೆ. ಡಾನರ್ ಕಥೆಯಲ್ಲಿ ಸೆರೆ ಒಡೆಯುವುದು ಮೊದಲ ಭಾಗದಲ್ಲೇ ಸೂಪರ್‌ಮ್ಯಾನ್ ಬಾಹ್ಯಾಕಾಶಕ್ಕೆ ತಳ್ಳಿದ ಕ್ಷಿಪಣಿಯಿಂದ. ಎರಡರಲ್ಲೂ ಸ್ಫೋಟ ಒಂದೇ. ಆದರೆ ಡಾನರ್‌ದು ಹಿಂದಿನ ಸಿನಿಮಾದ ಋಣ: ನಾವು ಚಪ್ಪಾಳೆ ತಟ್ಟಿದ ಆ ಸಾಹಸವೇ ಈಗ ಶತ್ರುವಾಗಿ ತಿರುಗಿ ಬರುತ್ತದೆ.

ತಂದೆಯ ಎಳೆಗೆ ಆದದ್ದು ಇನ್ನೂ ದೊಡ್ಡ ನಷ್ಟ. ಸೂಪರ್‌ಮ್ಯಾನ್‌ನ ತಂದೆಯಾಗಿ ಮರ್ಲನ್ ಬ್ರಾಂಡೋ ಎರಡನೇ ಭಾಗಕ್ಕೂ ನಟಿಸಿದ್ದರು. ಹಣದ ಲೆಕ್ಕಾಚಾರದಲ್ಲಿ ಆ ದೃಶ್ಯಗಳನ್ನು ಕೈಬಿಟ್ಟು, ಅವರ ಜಾಗದಲ್ಲಿ ತಾಯಿಯ ಪಾತ್ರ ತಂದರು. ಪ್ರೀತಿಗಾಗಿ ಶಕ್ತಿ ತೊರೆದ ಮಗನಿಗೆ ಲೆಸ್ಟರ್ ಚಿತ್ರದಲ್ಲಿ ಹಸಿರು ಸ್ಫಟಿಕವೊಂದು ಸಿಗುತ್ತದೆ, ಶಕ್ತಿ ಮರಳುತ್ತದೆ. ಹೇಗೆಂದು ತೋರಿಸುವುದೇ ಇಲ್ಲ. ಡಾನರ್‌ನಲ್ಲಿ ತಂದೆ ತನ್ನಲ್ಲಿ ಉಳಿದಿದ್ದ ಕೊನೆಯ ಚೈತನ್ಯವನ್ನು ಮಗನಿಗೆ ಧಾರೆಯೆರೆದು ಶಾಶ್ವತವಾಗಿ ಇಲ್ಲವಾಗುತ್ತಾನೆ. ಮಗನೇ ತಂದೆಯಾಗುತ್ತಾನೆ ಎಂಬ ಮೊದಲ ಭಾಗದ ಮಾತು ನಿಜವಾಗುವುದು ಇಲ್ಲಿ. ಒಂದು ದೃಶ್ಯ ಕಿತ್ತರೆ ಇಡೀ ಮೊದಲ ಚಿತ್ರದ ಅರ್ಥ ಸಡಿಲವಾಗುವುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನೆಲ್ಲೂ ಕಂಡಿಲ್ಲ.

ಡಾನರ್ ಆವೃತ್ತಿ ಡಿವಿಡಿಯಲ್ಲಿ ಬಂದದ್ದು 2006ರಲ್ಲಿ, ಮೈಕೆಲ್ ಥಾವ್ ಸಂಕಲನದಲ್ಲಿ. ಅದರ ಅಂತ್ಯ ನನಗೆ ಒಪ್ಪಿಗೆಯಿಲ್ಲ. ಕಾಲವನ್ನು ಹಿಂದೆ ತಿರುಗಿಸುವ ಘಟ್ಟ ಮೂಲದಲ್ಲಿ ಎರಡನೇ ಭಾಗದ್ದು. ಅದನ್ನು ಮೊದಲ ಚಿತ್ರಕ್ಕೆ ಕೊಟ್ಟಾಗಿತ್ತು. ಇಲ್ಲಿ ಮತ್ತೆ ಬಂದಾಗ, ನಡೆದದ್ದೆಲ್ಲ ಅಳಿಸಿಹೋಗಿ ತಂದೆಯ ತ್ಯಾಗವೂ ತೆಳುವಾಗುತ್ತದೆ.

ಆದರೂ ಒಂದು ದೃಶ್ಯಕ್ಕೆ ನಾನು ಮತ್ತೆ ಮತ್ತೆ ಮರಳುತ್ತೇನೆ. ನಾಯಕಿ ಲೋಯಿಸ್ ಪಿಸ್ತೂಲು ಹಾರಿಸಿ, ಕ್ಲಾರ್ಕ್‌ನೇ ಸೂಪರ್‌ಮ್ಯಾನ್ ಎಂಬ ಗುಟ್ಟು ಹೊರಗೆಳೆಯುತ್ತಾಳೆ. ಗುಂಡು ಮಾತ್ರ ಹುಸಿ. ಡಾನರ್‌ಗೆ ಅದನ್ನು ಚಿತ್ರೀಕರಿಸಲು ಅವಕಾಶವೇ ಸಿಗಲಿಲ್ಲ. ಹಾಗಾಗಿ ಥಾವ್ ಇಬ್ಬರು ನಟರ ಹಳೆಯ ಸ್ಕ್ರೀನ್ ಟೆಸ್ಟ್‌ಗಳನ್ನು, ಅಂದರೆ ಪಾತ್ರದ ಆಯ್ಕೆಗಾಗಿ ತೆಗೆದ ಪರೀಕ್ಷಾ ಶಾಟ್‌ಗಳನ್ನು, ಹೊಲಿದು ಕಟ್ಟಿದರು. ಶಾಟ್‌ನಿಂದ ಶಾಟ್‌ಗೆ ಸೂಪರ್‌ಮ್ಯಾನ್ ಪಾತ್ರದ ಕ್ರಿಸ್ಟೋಫರ್ ರೀವ್ ಅವರ ಕೂದಲು, ಮೈಕಟ್ಟು ಎರಡೂ ಬದಲಾಗುತ್ತವೆ. ಬೇರೆ ಯಾವ ಚಿತ್ರದಲ್ಲಾದರೂ ನಾನು ಅದನ್ನು ಕತ್ತರಿಸುತ್ತಿದ್ದೆ. ಇಲ್ಲಿ ಕತ್ತರಿಸುತ್ತಿರಲಿಲ್ಲ.