ಅಂಬಾಸಿಡರ್ ಕೆಳಗೆ ದಿನಾ ಆಯಿಲ್ ಕಲೆ: ಇಂಜಿನ್ ಇಳಿಸಲೇಬೇಕಾ?

ಪ್ರಶ್ನೆ: ನನ್ನ ಹತ್ತಿರ 1974ರ ಅಂಬಾಸಿಡರ್ ಮಾರ್ಕ್ 2 ಇದೆ, ಪೆಟ್ರೋಲ್ ಗಾಡಿ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅಂಗೈ ಅಗಲ ಆಯಿಲ್ ಬಿದ್ದಿರುತ್ತದೆ. ಹಿಂದಿನ ಆಯಿಲ್ ಸೀಲ್ ಹೋಗಿದೆ, ಇಂಜಿನ್ ಇಳಿಸಬೇಕು ಅಂತಾರೆ ಮೆಕ್ಯಾನಿಕ್. ನಿಜವಾ?

ಉತ್ತರ: ಅವಸರ ಮಾಡಬೇಡಿ. ನಿಮ್ಮ ಗಾಡಿಯಲ್ಲಿರುವುದು 1489 ಸಿಸಿ ಇಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್ ಅದು. ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್, ಎಂಜಿಎ ಕಾರುಗಳಿಗೂ ಇದೇ ಇತ್ತು. ಇದರ ಮೂಲ ವಿನ್ಯಾಸದಲ್ಲಿ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಹಿಂದಿನ ತುದಿಗೆ ರಬ್ಬರ್ ಸೀಲ್ ಅನ್ನೋದೇ ಇಲ್ಲ! ಇಲ್ಲದ ಸೀಲ್ ಹೋಗುವುದು ಹೇಗೆ?

ಅದರ ಬದಲು ಕ್ರ್ಯಾಂಕಿನ ಮೇಲೇ ಬೋಲ್ಟಿನ ಥ್ರೆಡ್ ತರಹ ಗೀರು ಕೊರೆದಿರುತ್ತಾರೆ. ಇಂಜಿನ್ ತಿರುಗುವಾಗ ಹೊರಗೆ ಬರುವ ಆಯಿಲನ್ನು ಆ ಥ್ರೆಡ್ ಒಳಕ್ಕೆ ತಳ್ಳುತ್ತದೆ. ಇಂಜಿನ್ ನಿಂತಿತೋ, ತಳ್ಳುವ ಕೆಲಸವೂ ನಿಂತಿತು. ಗೀರಿನಲ್ಲಿ ಉಳಿದ ನಾಲ್ಕು ಹನಿ ಕೆಳಗೆ ಇಳಿಯುತ್ತದೆ. ಅದನ್ನು ರೋಗ ಅನ್ನಬಾರದು. ಆದರೆ ಅಂಗೈ ಅಗಲ ಅಂದರೆ ಜಾಸ್ತಿಯೇ ಆಯಿತು, ಹುಡುಕಬೇಕು.

ಹುಡುಕುವುದು ಮೇಲಿನಿಂದ. ಬಿದ್ದ ಜಾಗ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಎಲ್ಲೇ ಲೀಕಾದರೂ ಕೊನೆಗೆ ಬಂದು ತೊಟ್ಟಿಕ್ಕುವುದು ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡು) ಹತ್ತಿರವೇ. ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ, ಬ್ರಷ್ ಹಿಡಿದು ಚೆನ್ನಾಗಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಒದ್ದೆ ಗೆರೆ ಎಲ್ಲಿಂದ ಹೊರಟಿದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಗಾಡಿ ಕೆಳಗೆ ನುಗ್ಗುವುದಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ನನ್ನ ಮೊದಲ ಅನುಮಾನ ಟ್ಯಾಪೆಟ್ ಕವರ್ ಮೇಲೆ. ಇಂಜಿನ್ನಿನ ಪಕ್ಕದಲ್ಲಿ, ಮ್ಯಾನಿಫೋಲ್ಡ್ (ಗಾಳಿ, ಹೊಗೆ ಹೋಗುವ ಪೈಪುಗಳ ಗುಂಪು) ಕೆಳಗೆ ಎರಡು ತಗಡಿನ ಮುಚ್ಚಳಗಳಿವೆ. ಒಂದೊಂದಕ್ಕೂ ಕಾರ್ಕ್ ಪ್ಯಾಕಿಂಗ್. ಸೈಲೆನ್ಸರ್ ಕಡೆಯ ಬಿಸಿಗೆ ಹಿಂದಿನ ಕವರಿನ ಕಾರ್ಕ್ ಬಿಸ್ಕತ್ತಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ಆಯಿಲ್ ನೇರ ಬೆಲ್ ಹೌಸಿಂಗ್ ಕಡೆಗೆ! ನಮ್ಮ ಮನೆಯ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಇಂಜಿನ್ ಇಳಿಸಿ, ಹತ್ತಿಸಿ, ದುಡ್ಡೂ ತೆಗೆದುಕೊಂಡರು. ವಾರಕ್ಕೆ ಅದೇ ಜಾಗದಲ್ಲಿ ಅದೇ ಕಲೆ. ಕಾರಣ ಈ ಪ್ಯಾಕಿಂಗ್ ಆಗಿತ್ತು.

ಲೀಕಾಗುತ್ತಿದೆ ಅಂತ ಕವರಿನ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬೋಲ್ಟ್ ನಡುವೆ ಇರುತ್ತದೆ. ಎಳೆದಷ್ಟೂ ತಗಡು ನಡುವೆ ತಗ್ಗಿ ಅಂಚು ಎದ್ದು ಲೀಕ್ ಹೆಚ್ಚುತ್ತದೆ. ಕವರ್ ಬಿಚ್ಚಿ, ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಅಂಚನ್ನು ನಿಧಾನವಾಗಿ ತಟ್ಟಿ ಸರಿ ಮಾಡಿ. ಹಳೆಯ ಕಾರ್ಕ್ ಪೂರ್ತಿ ಕೆರೆದು ತೆಗೆಯಿರಿ. ಹೊಸ ಪ್ಯಾಕಿಂಗನ್ನು ಕವರಿಗೆ ಅಂಟಿಸಿ, ಬ್ಲಾಕಿನ ಕಡೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ. ಸಣ್ಣ ಸ್ಪ್ಯಾನರ್, ಎರಡೇ ಬೆರಳಿನ ಬಲ ಸಾಕು. ಸಿಲಿಕಾನ್ ಪೇಸ್ಟನ್ನು ಹೋಳಿಗೆಗೆ ತುಪ್ಪ ಹಾಕಿದ ಹಾಗೆ ಸುರಿಯಬೇಡಿ. ಒಳಕ್ಕೆ ಹಿಂಡಿಕೊಂಡ ಪೇಸ್ಟ್ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನೇ ಹೋಗುತ್ತದೆ.

ಆಮೇಲೆ ಬ್ರೀದರ್. ಪಿಸ್ಟನ್ ಪಕ್ಕದಿಂದ ಇಂಜಿನ್ ಒಳಗೆ ನುಗ್ಗುವ ಗಾಳಿ ಹೊರಗೆ ಹೋಗುವ ದಾರಿ ಅದು. ಮುಂದಿನ ಟ್ಯಾಪೆಟ್ ಕವರಿನ ಪೈಪು, ಮೇಲಿನ ಕವರಿನಿಂದ ಏರ್ ಫಿಲ್ಟರಿಗೆ ಹೋಗುವ ಹೋಸ್, ಎರಡನ್ನೂ ಬಿಚ್ಚಿ ತೊಳೆಯಿರಿ. ಇವು ಕಟ್ಟಿಕೊಂಡರೆ ಒಳಗಿನ ಒತ್ತಡ ಸಿಕ್ಕಿದ ಸಂದಿಯಿಂದ ಆಯಿಲನ್ನು ಹೊರಗೆ ನೂಕುತ್ತದೆ. ಹಿಂದಿನ ಆ ಥ್ರೆಡ್ಡಂತೂ ಒತ್ತಡದ ಮುಂದೆ ಸೋಲುತ್ತದೆ. ಐಡಲಿಂಗಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಹಬೆ ಬಂದರೆ ಚಿಂತೆಯಿಲ್ಲ. ಬಚ್ಚಲೊಲೆಯಂತೆ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಆಗ ಪ್ಯಾಕಿಂಗ್ ಎಷ್ಟು ಬದಲಿಸಿದರೂ ಲೀಕ್ ಮತ್ತೆ ಬರುತ್ತದೆ.

ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಕೂಡ ನೋಡಿ. ಹಳೆಯದು ಗಾಡಿಯಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದನ್ನು ಕೂರಿಸಿರುವುದು ತುಂಬಾ ಕಡೆ ಕಂಡಿದ್ದೇನೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಆಯಿಲ್ ತುಂಬಬೇಡಿ. 20ಡಬ್ಲ್ಯು-50 ದರ್ಜೆಯ ದಪ್ಪ ಆಯಿಲ್ ಹಾಕುವ ಕಡೆ ತೆಳು ಆಯಿಲ್ ಹಾಕಿದರೂ ಸೋರಿಕೆ ಹೆಚ್ಚುತ್ತದೆ.

ಬೆಲ್ ಹೌಸಿಂಗಿನ ತಳದಲ್ಲಿ ಒಂದು ತೂತು, ಅದರಲ್ಲಿ ಸಡಿಲವಾಗಿ ನೇತಾಡುವ ಸ್ಪ್ಲಿಟ್ ಪಿನ್ ಇರುತ್ತದೆ. ಯಾರೋ ಮರೆತು ಬಿಟ್ಟದ್ದಲ್ಲ ಅದು, ಅಲುಗಾಡುತ್ತಾ ತೂತು ಕಟ್ಟದಂತೆ ನೋಡಿಕೊಳ್ಳುತ್ತದೆ. ಒಬ್ಬರು "ಲೀಕ್ ನಿಲ್ಲಿಸಿದೆ" ಅಂತ ಆ ತೂತನ್ನೇ ಮುಚ್ಚಿದ್ದರು! ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟ್ ಹಾಳಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಪೌಡರ್ ಮೇಲೆಲ್ಲ ಒಣಗಿದ್ದು, ಆ ತೂತಿನಿಂದ ಮಾತ್ರ ಸುರಿಯುತ್ತಿದೆಯೇ? ಗಾಡಿ ಹೊರಡಿಸುವಾಗ ಕ್ಲಚ್ ಜಾರುತ್ತದೆಯೇ, ನಡುಗುತ್ತದೆಯೇ? ಹಾಗಿದ್ದರೆ ಮೆಕ್ಯಾನಿಕ್ ಮಾತೇ ಸರಿ, ಇಳಿಸಿ. ಆದರೆ ಇಳಿಸಿದ ಮೇಲೆ ಕ್ರ್ಯಾಂಕನ್ನು ಹಿಡಿದಿರುವ ಮೇನ್ ಬೇರಿಂಗ್ ಅಳೆಸಿ. ಅದು ಸವೆದು ಕ್ರ್ಯಾಂಕ್ ಆಡುತ್ತಿದ್ದರೆ ಥ್ರೆಡ್ಡಿನ ಸುತ್ತಲಿನ ಕೂದಲೆಳೆಯ ಸಂದಿ ಕೆಟ್ಟಿರುತ್ತದೆ. ಆಯಿಲ್ ಚೇಂಬರಿನ ಪ್ಯಾಕಿಂಗ್, ಹಿಂದಿನ ಬೇರಿಂಗ್ ಕ್ಯಾಪಿನ ಕಾರ್ಕ್, ಮುಂದಿನ ಟೈಮಿಂಗ್ ಕವರಿನ ಸೀಲ್ ಇವನ್ನೂ ಅದೇ ಕೈಯಲ್ಲಿ ಬದಲಿಸಲು ಹೇಳಿ. ಟೈಮಿಂಗ್ ಕವರಿನ ಬೋಲ್ಟುಗಳನ್ನು ಬಿಗಿ ಮಾಡುವ ಮುಂಚೆ ಪುಲ್ಲಿ ತೂರಿಸಿ ಸೀಲನ್ನು ನಡುವಿಗೆ ತಂದರಾ ಅಂತ ನಿಂತು ನೋಡಿ. ಬಿಲ್ಲಿನಲ್ಲಿ "ಹಿಂದಿನ ಆಯಿಲ್ ಸೀಲ್" ಅಂತ ಬರೆದಿದ್ದರೆ, ಬಿಚ್ಚಿದ ಹಳೆಯದನ್ನು ತೋರಿಸಿ ಅಂತ ಕೇಳಿ.