ಖಾಲಿ ಬಾನೆಟ್ ಮತ್ತು ಬೆಂಕಿ ಆರಿಸುವವರು

ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ನಡೆಸುವ ನಾಸ್ಕರ್ ಸಂಸ್ಥೆಯ ಪಿಕಪ್ ಟ್ರಕ್ ರೇಸ್‌ಗಳನ್ನು ನೋಡುತ್ತಿದ್ದವರಿಗೆ 28ನೇ ನಂಬರಿನ ಒಂದು ಗಾಡಿ ನೆನಪಿರಬಹುದು. ಗೆದ್ದಿದ್ದಕ್ಕೆ ಅಲ್ಲ. ಅಕ್ಕಪಕ್ಕದ ಗಾಡಿಗಳ ಮೇಲೆ ಎಂಜಿನ್ ಆಯಿಲ್, ಇನ್ಶೂರೆನ್ಸ್, ಬಿಯರ್ ಕಂಪನಿಗಳ ಹೆಸರಿದ್ದರೆ, ಇದರ ಮೇಲೆ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದ ಹೆಸರಿತ್ತು. ಆ ದಳದ ಇಂಗ್ಲಿಷ್ ಚಿಕ್ಕ ಹೆಸರು ಎಫ್‌ಡಿಎನ್‌ವೈ, ತಂಡದ ಹೆಸರೇ ಎಫ್‌ಡಿಎನ್‌ವೈ ರೇಸಿಂಗ್. ಮಾಲೀಕ ಜಿಮ್ ರೋಸೆನ್‌ಬ್ಲಮ್. ವರ್ಷಕ್ಕೆ ಕೆಲವೇ ರೇಸು, ಅದೂ ಹೆಚ್ಚಾಗಿ ಡೇಟೋನಾ, ಟಲ್ಲಡೆಗಾ ಥರದ ದೊಡ್ಡ ಟ್ರ್ಯಾಕ್‌ಗಳಲ್ಲಿ.

ಬೆಂಕಿ ಆರಿಸುವ ಇಲಾಖೆಗೂ ರೇಸಿಗೂ ಏನು ಸಂಬಂಧ? ದುಡ್ಡು ಕೊಡದವರ ಹೆಸರನ್ನು ಯಾರಾದರೂ ಸುಮ್ನೆ ಗಾಡಿ ಮೇಲೆ ಹಾಕಿಕೊಳ್ಳುತ್ತಾರಾ?

ಅಲ್ಲಿ ಇದು ಹೊಸದೇನಲ್ಲ. ಚಿಕ್ಕಪುಟ್ಟ ಸ್ವತಂತ್ರ ತಂಡಗಳು ಅಗ್ನಿಶಾಮಕದವರು, ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿಯ ಹೆಸರನ್ನು ಕಾರಿನ ಮೇಲೆ ಹಾಕಿಕೊಂಡು ಓಡಿಸುತ್ತವೆ. ಇವರಿಗೆಲ್ಲ ಸೇರಿಸಿ ಅಲ್ಲಿ ಫಸ್ಟ್ ರೆಸ್ಪಾಂಡರ್ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಒಂದೇ ಪದ ಇಲ್ಲ. 108ಕ್ಕೋ 112ಕ್ಕೋ ಫೋನ್ ಮಾಡಿದರೆ ಮೊದಲು ಬಂದು ನಿಲ್ಲುವವರು ಅಂದರೆ ಅರ್ಥವಾಗುತ್ತದೆ. ಈ ಸಂಬಂಧ 2001ರ ಸೆಪ್ಟೆಂಬರ್ ದಾಳಿಯ ನಂತರ ಶುರುವಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಅರ್ಧ ಕತೆ ಮಾತ್ರ. ಉಳಿದರ್ಧ ಹಳ್ಳಿ ಟ್ರ್ಯಾಕ್‌ಗಳದ್ದು, ಮತ್ತು ದುಡ್ಡಿಲ್ಲದವರದ್ದು.

ಮೊದಲು ಸ್ಟಾಕ್ ಕಾರ್ ಅಂದರೇನು ನೋಡೋಣ. ಷೋರೂಮಿನಲ್ಲಿ ಮಾರುವ ಮಾಮೂಲಿ ಕಾರನ್ನೇ ರೇಸಿಗೆ ಓಡಿಸುವುದು. ಈಗಿನ ಕಾರುಗಳಿಗೂ ಷೋರೂಮಿಗೂ ಸಂಬಂಧ ಉಳಿದಿಲ್ಲ, ಆದರೆ ಹೆಸರು ಉಳಿದಿದೆ. 1947ರ ಡಿಸೆಂಬರಿನಲ್ಲಿ ಬಿಲ್ ಫ್ರಾನ್ಸ್ ಅನ್ನುವವರು ಫ್ಲೋರಿಡಾದ ಡೇಟೋನಾ ಬೀಚ್‌ನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ರೇಸಿನವರನ್ನೆಲ್ಲ ಸೇರಿಸಿದರು. 1948ರ ಫೆಬ್ರವರಿಯಲ್ಲಿ ನಾಸ್ಕರ್ ಹುಟ್ಟಿತು. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ಹೊಸ ಮಾಡೆಲ್ ಕಾರುಗಳ ಮೊದಲ ರೇಸ್ ನಡೆಯಿತು. ಓಡಿಸುವವನೇ ಮಾಲೀಕ, ಅವನೇ ಮೆಕ್ಯಾನಿಕ್ ಆಗಿರುವುದು ಆಗ ಮಾಮೂಲು.

ಟ್ರ್ಯಾಕುಗಳೂ ಹಾಗೇ. ಊರಾಚೆ ಮಣ್ಣಿನ ಹಾದಿ, ಸುತ್ತ ಮರದ ಬೇಲಿ. ಬೆಂಕಿ ಹತ್ತಿದರೆ ಓಡಿ ಬರುತ್ತಿದ್ದದ್ದು ಆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ. ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಮೆರಿಕದಲ್ಲಿ ಬೆಂಕಿ ಆರಿಸುವ ಸುಮಾರು 10 ಲಕ್ಷ ಜನರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಂಬಳದವರಲ್ಲ. ಹಗಲು ಗ್ಯಾರೇಜಿನಲ್ಲೋ ಹೊಲದಲ್ಲೋ ಕೆಲಸ, ಕರೆ ಬಂದರೆ ಹೆಲ್ಮೆಟ್ ಹಾಕಿಕೊಂಡು ಹೊರಡುವುದು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ದಳದ ಕಾಲದಿಂದ ಬಂದ ರೂಢಿ ಇದು. ಅಂದರೆ ಶನಿವಾರ ರಾತ್ರಿ ಕಾರು ಓಡಿಸುವವನು ಮತ್ತು ಅದೇ ಟ್ರ್ಯಾಕಿನ ಮೂಲೆಯಲ್ಲಿ ನೀರಿನ ಗಾಡಿ ಹಿಡಿದು ಕಾಯುವವನು ಅಕ್ಕಪಕ್ಕದ ಮನೆಯವರು. ಎಷ್ಟೋ ಸಲ ಅಣ್ಣತಮ್ಮಂದಿರು. ಕೆಲವೊಮ್ಮೆ ಇಬ್ಬರೂ ಒಬ್ಬನೇ!

ಬೆಂಕಿ ಅಂದರೆ ಏನು ಅಂತ ಈ ಆಟಕ್ಕೆ ಸರಿಯಾಗಿ ಗೊತ್ತಾಗಿದ್ದು 1964ರ ಮೇ 24ರಂದು. ಷಾರ್ಲಟ್‌ನ 600 ಮೈಲಿ ರೇಸು. ಏಳನೇ ಸುತ್ತಿನಲ್ಲಿ ಮುಂದಿದ್ದ ಎರಡು ಕಾರು ಒಂದಕ್ಕೊಂದು ತಾಗಿದವು. ಅವುಗಳಿಂದ ತಪ್ಪಿಸಿಕೊಳ್ಳಲು ಹೋದ ಫೈರ್‌ಬಾಲ್ ರಾಬರ್ಟ್ಸ್ ಗೋಡೆಗೆ ಗುದ್ದಿದರು. ಕಾರು ಮಗುಚಿ ಹೊತ್ತಿಕೊಂಡಿತು. ಫೈರ್‌ಬಾಲ್ ಅನ್ನುವ ಅಡ್ಡಹೆಸರು ಬಂದದ್ದು ಬೇಸ್‌ಬಾಲ್‌ನಲ್ಲಿ ಜೋರಾಗಿ ಚೆಂಡು ಎಸೆಯುತ್ತಿದ್ದುದಕ್ಕೆ, ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಅವರನ್ನು ಮೊದಲು ಎಳೆದು ಹೊರಗೆ ತಂದವರು ಅದೇ ಅಪಘಾತದಲ್ಲಿ ಸಿಕ್ಕಿದ್ದ ಇನ್ನೊಬ್ಬ ಚಾಲಕ ನೆಡ್ ಜಾರೆಟ್. ರಾಬರ್ಟ್ಸ್ ಐದು ವಾರ ಆಸ್ಪತ್ರೆಯಲ್ಲಿದ್ದು ಜುಲೈ 2ರಂದು ತೀರಿಕೊಂಡರು. ಆಗ ಚಾಲಕರು ಮಾಮೂಲಿ ಬಟ್ಟೆಯನ್ನು ಬೆಂಕಿ ತಡೆಯುವ ರಾಸಾಯನಿಕದ ನೀರಿನಲ್ಲಿ ಅದ್ದಿ ಒಣಗಿಸಿ ಹಾಕಿಕೊಳ್ಳುತ್ತಿದ್ದರು, ಅಷ್ಟೇ ರಕ್ಷಣೆ. ಆಮೇಲೆ ಬೆಂಕಿ ತಡೆಯುವ ದಿರಿಸು ಬಂತು. ಪೆಟ್ರೋಲ್ ಟ್ಯಾಂಕಿನ ಜಾಗಕ್ಕೆ, ಒಡೆದರೂ ಚೆಲ್ಲದ ಹಾಗೆ ಒಳಗೆ ಸ್ಪಂಜು ತುಂಬಿದ ರಬ್ಬರ್ ಚೀಲ ಬಂತು.

ಹೀಗೆ ಸುರಕ್ಷತೆ ಜಾಸ್ತಿಯಾಯಿತು. ಖರ್ಚು ಅದಕ್ಕಿಂತ ಜಾಸ್ತಿಯಾಯಿತು.

1971ರಲ್ಲಿ ಸಿಗರೇಟು ಕಂಪನಿಯ ದುಡ್ಡು ನಾಸ್ಕರ್‌ಗೆ ಬಂದ ಮೇಲೆ ಕಾರಿನ ಮೈ ಅನ್ನುವುದು ಜಾಹೀರಾತಿನ ಫಲಕವಾಯಿತು. ಬಾನೆಟ್‌ಗೆ ಒಂದು ರೇಟು, ಹಿಂಬದಿಗೆ ಒಂದು ರೇಟು. ದೊಡ್ಡ ಸ್ಪಾನ್ಸರ್ ಇದ್ದವರು ಮುಂದೆ ಹೋದರು, ಇಲ್ಲದವರಿಗೆ ಇಂಡಿಪೆಂಡೆಂಟ್ ಅನ್ನುವ ಹೆಸರು ಉಳಿಯಿತು. ಕೇಳಲಿಕ್ಕೆ ಗೌರವವಾಗಿದೆ. ಅರ್ಥ ಮಾತ್ರ ಹಳೇ ಟೈರು, ಹಳೇ ಎಂಜಿನ್, ರೇಸಿನ ನಡುವೆ ಟೈರು ಬದಲಿಸುವ ಪಿಟ್ಟಿನಲ್ಲಿ ಮನೆಯವರದೇ ಕೆಲಸ. 1963ರ ಡಿಸೆಂಬರಿನಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಗೆದ್ದ ವೆಂಡೆಲ್ ಸ್ಕಾಟ್, ನಾಸ್ಕರ್‌ನ ಅತಿ ಎತ್ತರದ ಸರಣಿಯಲ್ಲಿ ಗೆದ್ದ ಮೊದಲ ಕಪ್ಪು ಚಾಲಕ, ಮಕ್ಕಳನ್ನೇ ಮೆಕ್ಯಾನಿಕ್ ಮಾಡಿಕೊಂಡವರು. ಜೆ.ಡಿ. ಮೆಕ್‌ಡಫಿ 653 ರೇಸ್ ಓಡಿ ಒಂದನ್ನೂ ಗೆಲ್ಲಲಿಲ್ಲ. 1991ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ರೇಸ್ ಓಡಿಸುತ್ತಲೇ ಪ್ರಾಣ ಬಿಟ್ಟರು.

ಈ ಬಡತನ ಎಷ್ಟು ಬಿಗಿ ಅನ್ನುವುದಕ್ಕೆ ಚಾಲಕ ಕಾರ್ಲ್ ಲಾಂಗ್ ಅವರ ಕತೆ ಒಂದೇ ಸಾಕು. 2009ರಲ್ಲಿ ಅವರ ಕಾರಿನ ಎಂಜಿನ್ ಅಳತೆ ಮಾಡಿದರು. ನಿಯಮದ ಮಿತಿ 358 ಘನ ಇಂಚು. ಇದ್ದದ್ದು 358.197. ಹೆಚ್ಚಾದದ್ದು ಒಂದು ಟೀ ಚಮಚ ತುಂಬುವಷ್ಟೂ ಇಲ್ಲ. ದಂಡ 2 ಲಕ್ಷ ಡಾಲರ್. ಕಟ್ಟಲು ದುಡ್ಡಿರಲಿಲ್ಲ. ನಾಸ್ಕರ್‌ನ ಅತಿ ಎತ್ತರದ ಸರಣಿಯಲ್ಲಿ ಅವರು ಮತ್ತೆ ಓಡಿಸಿದ್ದು 2017ರಲ್ಲಿ. ನಿಯಮ ನಿಯಮವೇ, ಒಪ್ಪೋಣ. ಆದರೆ ದೊಡ್ಡ ತಂಡಕ್ಕೆ ಅದು ಒಂದು ವಾರದ ಖರ್ಚು, ಇವರಿಗೆ ಎಂಟು ವರ್ಷ.

ಇಂಥ ತಂಡಗಳ ಬಾನೆಟ್ ಎಷ್ಟೋ ವಾರ ಖಾಲಿ ಇರುತ್ತದೆ. ಬಿಳಿ ಬಾನೆಟ್ ಇಟ್ಟುಕೊಂಡು ಟ್ರ್ಯಾಕಿಗೆ ಹೋಗುವುದು ಮುಜುಗರದ ವಿಷಯ, ನಮಗೆ ಯಾರೂ ಇಲ್ಲ ಅಂತ ಊರಿಗೆಲ್ಲ ಸಾರಿದ ಹಾಗೆ. ಆಗ ಯಾರ ಹೆಸರು ಹಾಕುತ್ತಾರೆ? ತಮ್ಮೂರಿನ ಅಗ್ನಿಶಾಮಕ ದಳದ್ದು, ಡ್ಯೂಟಿಯಲ್ಲಿ ತೀರಿಕೊಂಡ ಒಬ್ಬ ಪೊಲೀಸಿನವನದ್ದು. ಕೊಡೋಕೆ ಇವರ ಹತ್ತಿರ ಇರುವುದು ಆ ಜಾಗ ಮಾತ್ರ, ಅಲ್ವಾ? ಇದರಲ್ಲಿ ಲೆಕ್ಕಾಚಾರವೂ ಇದೆ, ಮುಚ್ಚಿಡುವುದು ಬೇಡ. ಒಳ್ಳೆಯ ಹೆಸರಿರುವ ಕಾರಿಗೆ ಟಿವಿಯವರು ಎರಡು ಮಾತು ಜಾಸ್ತಿ ಆಡುತ್ತಾರೆ. ಊರಿನ ಟೈರ್ ಅಂಗಡಿಯವನು ಸಾವಿರ ಡಾಲರ್ ಕೊಡಲು ಮುಂದೆ ಬರುತ್ತಾನೆ. ಗೌರವ, ವ್ಯಾಪಾರ ಎರಡೂ ಒಂದೇ ಸ್ಟಿಕ್ಕರಿನಲ್ಲಿ.

2001ರ ಸೆಪ್ಟೆಂಬರ್ 11 ಇದನ್ನೆಲ್ಲ ದೇಶದ ಮಟ್ಟಕ್ಕೆ ಒಯ್ದಿತು. ಆ ದಿನ ನ್ಯೂಯಾರ್ಕಿನ ಅಗ್ನಿಶಾಮಕ ದಳದ 343 ಜನ ಸತ್ತರು. ಆ ವಾರದ ನ್ಯೂ ಹ್ಯಾಂಪ್‌ಶೈರ್ ರೇಸನ್ನು ನವೆಂಬರಿಗೆ ಮುಂದೂಡಿದರು. ಸೆಪ್ಟೆಂಬರ್ 23ರಂದು ಡೋವರ್‌ನಲ್ಲಿ ಗೆದ್ದ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕಿಟಕಿಯಿಂದ ದೊಡ್ಡ ಬಾವುಟ ಹಿಡಿದು ಸುತ್ತು ಹಾಕಿದರು. ಅವರ ಅಪ್ಪ ಅದೇ ವರ್ಷ ಫೆಬ್ರವರಿಯಲ್ಲಿ ಡೇಟೋನಾದ ಕೊನೆಯ ಸುತ್ತಿನಲ್ಲಿ ಸತ್ತಿದ್ದರು ಅನ್ನುವುದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಆಮೇಲೆ 343 ಅನ್ನುವ ಸಂಖ್ಯೆ ಕಾರುಗಳ ಮೇಲೆ, ಹೆಲ್ಮೆಟ್ಟುಗಳ ಮೇಲೆ ಕಾಣತೊಡಗಿತು. ದೊಡ್ಡ ತಂಡಗಳು ಪ್ರತಿ ಸೆಪ್ಟೆಂಬರಿಗೆ ಒಂದು ವಾರ ಬಣ್ಣ ಬದಲಿಸಿದವು. ಓಡಿದಾಗಲೆಲ್ಲ ಆ ಹೆಸರಿನಲ್ಲೇ ಓಡಿದ್ದು 28ನೇ ನಂಬರಿನಂಥ ಚಿಕ್ಕವರು. ಡೇಟೋನಾ, ಟಲ್ಲಡೆಗಾವನ್ನೇ ಅವರು ಆರಿಸಿಕೊಂಡಿದ್ದರಲ್ಲೂ ಅರ್ಥವಿದೆ. ಅಲ್ಲಿ ಗಾಡಿಗಳು ಗಾಳಿ ಸೀಳಿಕೊಂಡು ಗುಂಪಾಗಿ ಓಡುತ್ತವೆ. ಹಿಂದೆ ಅಂಟಿಕೊಂಡು ಹೋದರೆ ಸಾಧಾರಣ ಎಂಜಿನ್ನೂ ಗುಂಪಿನ ಜೊತೆ ಇರಬಹುದು. ಮುಂದಿನವರು ಗುದ್ದಾಡಿಕೊಂಡು ಹೊರಬಿದ್ದರೆ ಕೊನೆಯವನಿಗೂ ಒಂದು ಒಳ್ಳೆಯ ಸ್ಥಾನ ಸಿಕ್ಕೀತು.

ಅತ್ತ ಟ್ರ್ಯಾಕಿನ ಒಳಗಿನ ರಕ್ಷಣಾ ಕೆಲಸವೂ ಬದಲಾಯಿತು. ನಾಸ್ಕರ್‌ನ ದೊಡ್ಡ ಸರಣಿಯೇ ಬಹಳ ಕಾಲ ಆಯಾ ಊರಿನ ಸಿಬ್ಬಂದಿಯನ್ನೇ ನೆಚ್ಚಿಕೊಂಡಿತ್ತು. ರೇಸ್ ಕಾರಿನಿಂದ ಮನುಷ್ಯನನ್ನು ತೆಗೆಯುವುದು ಬೇರೆಯದೇ ವಿದ್ಯೆ. ಬಾಗಿಲೇ ಇರುವುದಿಲ್ಲ, ಕಿಟಕಿಗೆ ಬಲೆ, ಸ್ಟೀರಿಂಗ್ ಕಳಚಬೇಕು, ಸುತ್ತ ಕಬ್ಬಿಣದ ಪಂಜರ. 2017ರಿಂದ ಎಎಂಆರ್ ಅನ್ನುವ ಆಂಬುಲೆನ್ಸ್ ಕಂಪನಿಯ ವೈದ್ಯರು ಊರಿಂದೂರಿಗೆ ಜೊತೆಯಲ್ಲೇ ಹೋಗುತ್ತಾರೆ. 2020ರ ಫೆಬ್ರವರಿ 17ರ ಡೇಟೋನಾ ರೇಸಿನ ಕೊನೆಯಲ್ಲಿ ರಯಾನ್ ನ್ಯೂಮನ್ ಕಾರು ಗಾಳಿಗೆ ಹಾರಿ ತಲೆಕೆಳಗಾಗಿ ಬಿತ್ತು. 35 ಸೆಕೆಂಡಿಗೆ ಪ್ಯಾರಾಮೆಡಿಕ್ ಒಬ್ಬರು ಕಾರಿನೊಳಗಿದ್ದರು. ಹೊರತೆಗೆಯಲು 15 ನಿಮಿಷ 40 ಸೆಕೆಂಡು ಹಿಡಿಯಿತು. ಎರಡು ದಿನ ಕಳೆದು ನ್ಯೂಮನ್ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದುಕೊಂಡು ಬಂದರು. ಅದೇ ವರ್ಷ ಮೇ 17ರಂದು, ಕೊರೊನಾ ನಡುವೆ, ಡಾರ್ಲಿಂಗ್ಟನ್‌ನ ಖಾಲಿ ಗ್ಯಾಲರಿ ಮುಂದೆ ರೇಸ್ ಮತ್ತೆ ಶುರುವಾದಾಗ ಚಾಲಕರ ಹೆಸರಿನ ಜಾಗದಲ್ಲಿ ಆಸ್ಪತ್ರೆ ಸಿಬ್ಬಂದಿಯ ಹೆಸರುಗಳಿದ್ದವು. ಚಿಕ್ಕ ತಂಡಗಳು ಎಷ್ಟೋ ವರ್ಷದಿಂದ ಮಾಡುತ್ತಿದ್ದದ್ದನ್ನು ಅವತ್ತು ಇಡೀ ಸಾಲು ಮಾಡಿತು.

ಇದರಿಂದ ಯಾರಿಗೆ ಏನು ಸಿಕ್ಕಿತು? ಸ್ಟಿಕ್ಕರಿನಿಂದ ಫೈರ್ ಎಂಜಿನ್ ಕೊಳ್ಳಲು ಆಗುವುದಿಲ್ಲ. ನ್ಯೂಯಾರ್ಕಿನ ಅವಶೇಷಗಳ ದೂಳು ಕುಡಿದು ಕಾಯಿಲೆ ಬಿದ್ದವರ ಚಿಕಿತ್ಸೆಗೆ ಕಾನೂನು ಬರಲು 2011ರ ಜನವರಿ ಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ, ಆ ಕಾಯಿಲೆಗಳಿಂದ ಸತ್ತ ದಳದವರ ಸಂಖ್ಯೆಯೂ 343 ಮುಟ್ಟಿತು. ಇತ್ತ ಚಿಕ್ಕ ತಂಡಗಳಿಗೂ ಜಾಗ ಕಮ್ಮಿಯಾಗಿದೆ. 2016ರಿಂದ ದೊಡ್ಡ ಸರಣಿಯ 40 ಸ್ಥಾನಗಳಲ್ಲಿ 36 ಚಾರ್ಟರ್, ಅಂದರೆ ಪ್ರತಿ ರೇಸಿಗೂ ಖಾತ್ರಿ ಜಾಗದ ಹಕ್ಕು, ಇದ್ದವರಿಗೆ ಮೀಸಲು. ಉಳಿದ ನಾಲ್ಕಕ್ಕೆ ಬೇರೆಯವರ ಕಿತ್ತಾಟ.

ಊರ ಟ್ರ್ಯಾಕುಗಳಲ್ಲಿ ಮಾತ್ರ ಶನಿವಾರ ರಾತ್ರಿ ಹಳೆಯ ಹಾಗೇ ಇದೆ. ಮೂಲೆಯಲ್ಲಿ ಊರಿನದೇ ಆಂಬುಲೆನ್ಸ್ ನಿಂತಿರುತ್ತದೆ. ಯಾರಿಗಾದರೂ ಪೆಟ್ಟಾಗಿ ಅದು ಆಸ್ಪತ್ರೆಗೆ ಹೊರಟರೆ ರೇಸ್ ನಿಲ್ಲುತ್ತದೆ. ಅದು ವಾಪಸ್ ಬರುವ ತನಕ, ಇಲ್ಲವೇ ಇನ್ನೊಂದು ಬರುವ ತನಕ, ಸ್ಪಾನ್ಸರ್ ಇದ್ದವರೂ ಇಲ್ಲದವರೂ ಎಂಜಿನ್ ಆರಿಸಿ ಕತ್ತಲಲ್ಲಿ ಕೂತಿರುತ್ತಾರೆ.