ಸೀತಾಳೆ ದಂಡೆ: ಬೇರು ನೋಡಿ ನೀರು ಹಾಕಿ

ಕಾಡು ಆರ್ಕಿಡ್ ಬೆಳೆಸಲು ಈಗಷ್ಟೇ ಕೈ ಹಾಕಿದವರಿಗೆ ಈ ಟಿಪ್ಪಣಿ. ಇಲ್ಲಿ ಒಂದೇ ಗಿಡದ ವಿಷಯ: ಮಲೆನಾಡಿನ ಸೀತಾಳೆ ದಂಡೆ. ವೈಜ್ಞಾನಿಕ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ಮುಂಗಾರು ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ನರಿಬಾಲದಂಥ ಗೊಂಚಲು ಇಳಿಬೀಳುತ್ತದೆ. ಬಿಳಿ ಹೂ, ಅದರ ಮೇಲೆ ಗುಲಾಬಿ-ನೇರಳೆ ಚುಕ್ಕೆ. ಚೆನ್ನಾಗಿ ಬೆಳೆದ ಗೊಂಚಲಲ್ಲಿ ನೂರಕ್ಕೂ ಜಾಸ್ತಿ ಹೂ ಇರುತ್ತವೆ. ಕಟ್ಟುವ ಕೆಲಸವೇ ಇಲ್ಲ, ಮರದಲ್ಲೇ ಕಟ್ಟಿಟ್ಟ ದಂಡೆ. ವನವಾಸದಲ್ಲಿ ಸೀತೆ ಇದನ್ನು ಮುಡಿದಿದ್ದಳು ಅಂತ ಹಳಬರು ಹೇಳುತ್ತಾರೆ. ಅಸ್ಸಾಮಿನಲ್ಲಿ ಬಿಹು ಕುಣಿಯುವ ಹೆಣ್ಣುಮಕ್ಕಳು ಮುಡಿಯುವ ‘ಕೊಪೌ ಫೂಲ್’ ಕೂಡ ಇದೇ. ಅಲ್ಲಿ ಅದು ರಾಜ್ಯದ ಹೂ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಇದು ಬಂದಳಿಕೆ ಅಲ್ಲ. ಬಂದಳಿಕೆ ಮರದೊಳಕ್ಕೆ ಬೇರು ಇಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯ ಮೇಲೆ ಸುಮ್ನೆ ಕೂತಿರುತ್ತದೆ, ಅಷ್ಟೇ. ನೀರು ಮಳೆ-ಮಂಜಿನಿಂದ, ಗೊಬ್ಬರ ತೊಗಟೆ ಸಂದಿಯ ಕಸದಿಂದ.

ಹಾಗಾದರೆ ಮಣ್ಣು? ಬೇಡವೇ ಬೇಡ. ನನ್ನ ಮೊದಲ ಗಿಡ ಸತ್ತದ್ದೇ ಮಣ್ಣಿನಿಂದ. ಮಳೆಗಾಲದಲ್ಲಿ ಅಂಗಳದ ಮಾವಿನ ಕೊಂಬೆ ಮುರಿದುಬಿತ್ತು, ಅದರಲ್ಲಿ ಗಿಡವಿತ್ತು. ಪಾಪ ಅಂತ ಕುಂಡದಲ್ಲಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟೆ, ದಿನಾ ನೀರು ಹೊಯ್ದೆ. ಮೂರು ವಾರಕ್ಕೆ ಬೇರು ಹಿಚುಕಿದರೆ ನೀರು ಸೋರುವ ಹಾಗಾಗಿತ್ತು. ಒಳಗೆ ಒಂದು ತೆಳ್ಳನೆ ನಾರು ಮಾತ್ರ ಉಳಿದಿತ್ತು.

ಬದುಕಿರುವ ಬೇರನ್ನು ಸರಿಯಾಗಿ ನೋಡಿದರೆ ಅರ್ಧ ಪಾಠ ಮುಗಿದ ಹಾಗೆ. ಪೆನ್ಸಿಲ್‌ನಷ್ಟು ದಪ್ಪ, ಒಣಗಿದಾಗ ಬೂದು-ಬೆಳ್ಳಿ ಬಣ್ಣ. ಒಂದು ಹನಿ ನೀರು ಬಿಡಿ, ಬಿದ್ದಲ್ಲೇ ಹಸಿರಾಗುತ್ತದೆ. ಹೊರಗಿನ ಪದರಕ್ಕೆ ವೆಲಮೆನ್ ಅಂತ ಹೆಸರು. ಸತ್ತ ಕೋಶಗಳ ಸ್ಪಂಜು ಅದು. ಒಣಗಿದ್ದಾಗ ಒಳಗೆ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ಹೀರಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಇಣುಕುತ್ತದೆ. ಈ ಸ್ಪಂಜು ಆಗಾಗ ಒಣಗಲೇಬೇಕು, ಇಲ್ಲದಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಾಗಾಗಿ ‘ವಾರಕ್ಕೆ ಎಷ್ಟು ಸಲ ನೀರು?’ ಅಂತ ಕೇಳಬೇಡಿ. ಬೇರು ಬೆಳ್ಳಗಿದ್ದರೆ ಹಾಕಿ, ಹಸಿರಾಗಿದ್ದರೆ ಕಾಯಿರಿ. ಬೇಸಿಗೆಯ ಒಣಗಾಳಿಯಲ್ಲಿ ದಿನಾ ಬೇಕಾಗಬಹುದು. ಚಳಿಗಾಲದಲ್ಲಿ ತುಂಬಾ ಕಡಿಮೆ ಸಾಕು. ಜಡಿಮಳೆಯಲ್ಲಿ ನಿಮ್ಮ ಕೆಲಸವೇ ಇಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ, ಬೇರಿನ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟರೆ ಒಳ್ಳೆಯದು.

ಎಲ್ಲಿ ಕಟ್ಟಬೇಕು? ತೊಗಟೆ ಒರಟಾಗಿರಬೇಕು, ಉದುರಬಾರದು. ಮಾವು, ಹಲಸು ಚೆನ್ನ. ಸೀಬೆ, ನೀಲಗಿರಿ ಬೇಡ, ತೊಗಟೆ ಸುಲಿದಾಗ ಗಿಡವೂ ಜೊತೆಗೆ ಬೀಳುತ್ತದೆ. ಮಲಬಾರಿನ ಗಿಡಗಳ ಬಗ್ಗೆ ಬಂದ 17ನೇ ಶತಮಾನದ ಪುಸ್ತಕ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಈ ಗಿಡದ ಹೆಸರು ‘ಆಂಜಿಲಿ ಮರವಾಳ’. ಆಂಜಿಲಿ ಅಂದರೆ ನಮ್ಮ ಹೆಬ್ಬಲಸು, ಮರವಾಳ ಅಂದರೆ ಮರದ ಬಾಳೆ. ಕೂರುವ ಮರ ಹೆಸರಿನಲ್ಲೇ ಇದೆ, ಅಲ್ವಾ? ಮರ ಇಲ್ಲದವರು ಮರದ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲು, ಹೆಂಚಿನ ಚೂರು ಹಾಕಿ ತೂಗುಬಿಡಬಹುದು. ತೆಂಗಿನ ಸಿಪ್ಪೆಯನ್ನು ಹೆಚ್ಚು ತುಂಬಬೇಡಿ, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ.

ಕಟ್ಟುವಾಗ ಗಿಡವನ್ನು ನೆಟ್ಟಗೆ ನಿಲ್ಲಿಸದೆ ಪಕ್ಕಕ್ಕೆ ವಾಲಿಸಿ. ಕಾರಣ ಸುಳಿ. ತೆಂಗು, ಅಡಿಕೆಗೆ ಹೇಗೆ ಒಂದೇ ಸುಳಿಯೋ ಇದಕ್ಕೂ ಹಾಗೇ, ಬೆಳೆಯುವ ತುದಿ ಒಂದೇ. ಎಲೆಗಳ ನಡುವೆ ನೀರು ನಿಂತು ಸುಳಿ ಕೊಳೆತರೆ ಮೇಲಕ್ಕೆ ಬೆಳೆಯುವುದು ನಿಂತೇಹೋಯಿತು. ಅದೃಷ್ಟವಿದ್ದರೆ ಬುಡದಲ್ಲಿ ಮರಿ ಬರುತ್ತದೆ, ಅಷ್ಟೇ. ನೀರು ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಸುಳಿ ಒಣಗಲಿ.

ಬೆಳಕನ್ನು ಎಲೆಯೇ ಹೇಳುತ್ತದೆ. ಕಡುಹಸಿರಾಗಿ ಮೆತ್ತಗಿದ್ದರೆ ನೆರಳು ಜಾಸ್ತಿ, ಹೂ ಬರುವುದು ಕಷ್ಟ. ಹಳದಿ ತಿರುಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಜಾಸ್ತಿ. ತಿಳಿಹಸಿರು ಸರಿ. ಗೊಬ್ಬರ ನೀರಾಗಿಯೇ ಇರಬೇಕು: 19:19:19 ಪುಡಿ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರಿಗೆ ಅರ್ಧ ಗ್ರಾಂ, ಹೊಸ ಬೇರು ಬರುವ ತಿಂಗಳುಗಳಲ್ಲಿ ಮಾತ್ರ, ಹದಿನೈದು ದಿನಕ್ಕೊಮ್ಮೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ನೋಡಿ. ಬಸವನಹುಳುಗಳಿಗೆ ಬೇರಿನ ಎಳೆ ತುದಿ ಅಂದರೆ ಬಲು ಇಷ್ಟ.

ಬೀಜದಿಂದ ಬೆಳೆಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಕಾಯಿಯಲ್ಲಿ ಸಾವಿರಾರು ಬೀಜ, ಊದಿದರೆ ಹಾರುವ ಧೂಳು. ಆದರೆ ಬೀಜದೊಳಗೆ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಒಳಹೊಕ್ಕು ಅನ್ನ ಕೊಟ್ಟರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ಮೇಲೆ ಆರ್ಕಿಡ್ ಬೀಜ ಮೊಳೆಯಿಸಿ ತೋರಿಸಿದರು. ಪ್ರಯೋಗಾಲಯದ ಬಾಟಲಿ ಸಸಿಗಳ ಮೂಲ ಅದೇ. ಬಾಟಲಿಯಿಂದ ಹೂವಿಗೆ ಕೆಲವು ವರ್ಷ ಕಾಯಬೇಕು.

ಕೊಳ್ಳುವುದಾದರೆ ಅಂಥ ಸಸಿಯನ್ನೇ ಕೊಳ್ಳಿ. ಆರ್ಕಿಡ್ ಕುಟುಂಬ ಪೂರ್ತಿ ಸೈಟ್ಸ್ (ಅಪಾಯದಲ್ಲಿರುವ ಕಾಡು ಗಿಡ-ಪ್ರಾಣಿಗಳ ದೇಶ-ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಕೆಳಗಿದೆ, ಕಾಯ್ದಿಟ್ಟ ಅರಣ್ಯದಿಂದ ಕಿತ್ತು ತರುವುದು ಅಪರಾಧ. ದಾರಿ ಬದಿಯಲ್ಲಿ ‘ಕಾಡಿಂದು ಸಾರ್’ ಅಂತ ಮಾರುವ ಗಿಡದ ಬೇರು ನೋಡಿ. ತೊಗಟೆಯಿಂದ ಎಳೆದಾಗ ಅರ್ಧಕ್ಕರ್ಧ ಹರಿದಿರುತ್ತದೆ. ಅದು ಬದುಕುವುದೂ ಅನುಮಾನ.

ನನ್ನ ಎರಡನೇ ಗಿಡ ಅದೇ ಮಾವಿನ ಮರದ್ದು, ಮುಂದಿನ ಗಾಳಿಮಳೆಗೆ ಬಿದ್ದದ್ದು. ಈ ಸಲ ಬಾಳೆನಾರಿನಿಂದ ಕಾಂಡಕ್ಕೇ ಕಟ್ಟಿದೆ. ನಾಲ್ಕೈದು ತಿಂಗಳಿಗೆ ನಾರು ಕೊಳೆತು ತಾನೇ ಉದುರಿತು. ಅಷ್ಟರಲ್ಲಿ ಎರಡು ಬೇರು ತೊಗಟೆ ಹಿಡಿದಿದ್ದವು.